ಸಾಲಿನ ಕೊನೆಯ ಹೂಂ

೩ ಸೆಪ್ಟೆಂಬರ್ ೨೦೦೭, ಜಯಪುರ

ಕೋಣೆ ಸಿಕ್ಕಿತು. ಹಿಟ್ಟಿನ ಗಿರಣಿಯ ಹಿಂಭಾಗ. ಒಂದು ಕಿಟಕಿ, ಒಂದು ಮಂಚ, ಒಂದು ಪ್ಲಗ್ ಪಾಯಿಂಟ್. ಗಿರಣಿ ನಡೆಸುವ ಪ್ರೇಮಕ್ಕ ಎರಡೇ ಪ್ರಶ್ನೆ ಕೇಳಿದರು.

"ಕುಡೀತೀರಾ?"

"ಇಲ್ಲ."

"ಮತ್ತೆ ಮೂರು ತಿಂಗಳು ಇಲ್ಲಿ ಎಂತ ಮಾಡ್ತೀರಿ?"

ಹಾಡು ಮಾಡುತ್ತೇನೆ ಎಂದೆ. ಭಕ್ತಿಗೀತೆಯಾ ಎಂದರು. ಅಲ್ಲ, ರ‍್ಯಾಪ್ ಎಂದೆ. ಅವರು ತಲೆಯಾಡಿಸಿ ಬೀಗದ ಕೈ ಕೊಟ್ಟರು. ತಿಳಿಯದ್ದನ್ನು ಮತ್ತೆ ಕೆದಕದಿರುವುದು ಒಂದು ಬಗೆಯ ಸೌಜನ್ಯ. ಬೆಂಗಳೂರಿನಲ್ಲಿ ಅದು ಕಡಿಮೆ.

ಬೆಂಗಳೂರಿನಲ್ಲಿ ನನ್ನ ಕೆಲಸ ಜಾಹೀರಾತಿನ ಕೊನೆಗೆ ಬರುವ ಷರತ್ತುಗಳನ್ನು ಓದುವುದು. ಹೂಡಿಕೆಗಳು ಮಾರುಕಟ್ಟೆಯ ಅಪಾಯಗಳಿಗೆ ಒಳಪಟ್ಟಿವೆ ಇತ್ಯಾದಿ. ನಾಲ್ಕು ಸಾಲನ್ನು ಐದು ಸೆಕೆಂಡಿನಲ್ಲಿ ಮುಗಿಸಬೇಕು. ಹಿಂದೆ ರ‍್ಯಾಪ್ ಮಾಡುತ್ತಿದ್ದವನು, ನಾಲಿಗೆ ತಿರುಗುತ್ತದೆ ಎಂದು ನನ್ನನ್ನೇ ಕರೆಯುತ್ತಾರೆ. ನನ್ನ ದನಿ ರಾಜ್ಯದ ಎಲ್ಲ ಮನೆಗಳಲ್ಲೂ ಕೇಳಿದೆ. ಕೇಳಿಸಿಕೊಂಡವರು ಒಬ್ಬರೂ ಇಲ್ಲ.

ಹದಿನಾರು ವರ್ಷದ ಹಿಂದೆ ಹೀಗಿರಲಿಲ್ಲ. ಧರ್ಮೇಶ ಮತ್ತು ನಾನು 'ಜೋಡಿ ಮೈಕ್' ಎಂಬ ಕ್ಯಾಸೆಟ್ ಮಾಡಿದ್ದೆವು. ಕಾಲೇಜು ಹುಡುಗರು ಬಸ್ಸಿನಲ್ಲಿ ಅದನ್ನು ಹೇಳುತ್ತಾ ಹೋಗುತ್ತಿದ್ದರು. ಅವರಲ್ಲಿ ಒಬ್ಬ, ಸೋಮನಾಥ್, ಈಗ ಒಂದು ಸಣ್ಣ ಸಿ.ಡಿ. ಕಂಪನಿ ಇಟ್ಟಿದ್ದಾನೆ. "ಸಾರ್, ನೀವು ವಾಪಸ್ ಬರ್ಬೇಕು" ಎಂದ. ಎಂಟು ಹಾಡು, ಡಿಸೆಂಬರ್ ಹತ್ತರೊಳಗೆ.

ಹಳೆಯ ಪದ್ಧತಿಯಲ್ಲೇ ಮಾಡುವುದು ಎಂದು ಹೇಳಿ ಬಂದಿದ್ದೇನೆ. ಡ್ರಮ್ ಮಶೀನು, ತಿರುಗುವ ರೆಕಾರ್ಡನ್ನು ಬೆರಳಿನಲ್ಲಿ ಹಿಂದೆ ಮುಂದೆ ಉಜ್ಜಿದ ಸದ್ದು, ಮಾತು. ಕೊಳಲಿಲ್ಲ, ಹುಡುಗಿಯರ ಕೋರಸ್ ಇಲ್ಲ.

೯ ಸೆಪ್ಟೆಂಬರ್

ಕೊಪ್ಪಕ್ಕೆ ಹೋಗಿ ಧರ್ಮೇಶನನ್ನು ಕಂಡೆ. ಅವನದೀಗ ಶಾಮಿಯಾನ, ಕುರ್ಚಿ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಗಣಪತಿ ಹಬ್ಬಕ್ಕೆ ವಾರವೂ ಇಲ್ಲ. ಸ್ಪೀಕರ್ ಪೆಟ್ಟಿಗೆಯೊಳಗೆ ತಲೆ ಹಾಕಿ ಕೂತಿದ್ದವನು ಎದ್ದು ಬಂದು ಅಪ್ಪಿಕೊಂಡ.

"ಎಷ್ಟು ವರ್ಷ ಆಯ್ತೋ ಮಾರಾಯ! ಬಡವಾಗಿದೀಯ. ಊಟ ಮಾಡ್ಕೊಂಡೇ ಹೋಗ್ಬೇಕು, ದಿವ್ಯಂಗೆ ಫೋನ್ ಮಾಡ್ತೀನಿ."

ಊಟಕ್ಕೆ ಕೂತಾಗ ಕೇಳಿದೆ. ಜೋಡಿ ಮೈಕ್‌ನಲ್ಲಿ ಸಾಲು ನನ್ನದು. ಸಾಲಿನ ಕೊನೆಯ ಪದಕ್ಕೆ ಅವನು ಬಂದು ಬೀಳುತ್ತಿದ್ದ. ಆ ಹೊತ್ತಿನಲ್ಲಿ ನಾನು ಉಸಿರು ತೆಗೆದುಕೊಳ್ಳುತ್ತಿದ್ದೆ. ಈಗಲೂ ಹಾಗೇ ಬರೆಯುತ್ತಿದ್ದೇನೆ, ನೀನು ಬರಬೇಕು ಎಂದೆ.

"ನನ್ ಕೈಲಿ ಆಗಲ್ಲ ಮಾರಾಯ. ಈಗ ಈ ಬಾಯಲ್ಲಿ ಬರೋದು ಹಲೋ ಮೈಕ್ ಟೆಸ್ಟಿಂಗ್ ಒಂದೇ."

"ಅದ್ನೇ ಹಾಡು ಮಾಡಿ. ದಿನಾ ಪ್ರಾಕ್ಟೀಸ್ ಇದೆ" ಎಂದಳು ಅವನ ಹೆಂಡತಿ ದಿವ್ಯ, ಸಾರು ಬಡಿಸುತ್ತಾ.

ಹಳೆಯ ಹಾಡಿನ ಒಂದು ಸಾಲು ಹೇಳಿ ಕೊನೆಯ ಪದ ಬಿಟ್ಟು ಕಾದೆ. ಅವನು ಅನ್ನದ ಮೇಲೆ ಕೈ ಇಟ್ಟುಕೊಂಡು ಯೋಚಿಸಿದ. "ಮುಂದೆ ಎಂತದು? ಮರ್ತೇ ಹೋಯ್ತು ನೋಡು!" ಎಂದು ನಕ್ಕ. ಮರೆತದ್ದರ ಬಗ್ಗೆ ಅವನಿಗೆ ಬೇಸರವೇನೂ ಇರಲಿಲ್ಲ. ಆ ನಗುವನ್ನು ನೋಡಿ ಎರಡನೆಯ ಸಲ ಕೇಳಲಾಗಲಿಲ್ಲ.

ಒಳ್ಳೆಯ ಮೈಕು, ಸ್ಟ್ಯಾಂಡು, ಉದ್ದದ ವೈರು ಕಟ್ಟಿಕೊಟ್ಟ. ಬಾಡಿಗೆ ಮಾತೆತ್ತಿದರೆ ಹೊಡೆಯಲು ಬಂದ.

ಒಬ್ಬನೇ ಮಾಡುತ್ತೇನೆ. ಅದೇ ಸರಿ.

೧೮ ಸೆಪ್ಟೆಂಬರ್

ಇಲ್ಲಿನ ತೊಡಕು ಇದು: ಕರೆಂಟು ಇದ್ದಾಗ ಗಿರಣಿ ಓಡುತ್ತದೆ, ಗಿರಣಿ ನಿಂತಾಗ ಕರೆಂಟು ಇರುವುದಿಲ್ಲ. ಹಗಲಲ್ಲಿ, ಪ್ರೇಮಕ್ಕ ಊಟಕ್ಕೆ ಹೋಗಿ ಒಂದು ನಿದ್ದೆ ತೆಗೆಯುವ ಮಧ್ಯಾಹ್ನದ ಹೊತ್ತು ಮಾತ್ರ ನನ್ನದು. "ನಮ್ ಮಿಲ್ಲಿನ ಸದ್ದೇ ಹಾಕ್ಕೊಳ್ಳಿ, ಪುಕ್ಕಟೆ" ಎಂದರು. ನಗಲಿಲ್ಲ. ಅವರು ನಕ್ಕರು.

ಇವತ್ತು ಮೊದಲ ಬಾರಿ ಎಲ್ಲ ಕೂಡಿ ಬಂತು. ಡ್ರಮ್ ಶುರು ಮಾಡಿ ಹೇಳಿದೆ:

ಮೈಕು ಹಿಡಿದರೆ ನಾನೇ ರಾಜ, ಉಳಿದವರೆಲ್ಲ ಪರಿವಾರ

"ಹೂಂ."

ಹಲಗೆ ಗೋಡೆಯ ಆಚೆಯಿಂದ. ಮುದಿ ದನಿ. ನಿಲ್ಲಿಸದೆ ಮುಂದುವರಿಸಿದೆ.

ನನ್ನ ಮುಂದೆ ನಿಲ್ಲುವವನಿಗೆ ಇದೇ ಕೊನೆಯ ಸೋಮವಾರ

"ಹೂಂ."

ಟೇಪು ನಿಲ್ಲಿಸಿ ಪ್ರೇಮಕ್ಕನನ್ನು ಎಬ್ಬಿಸಿದೆ. ಅತ್ತೆಯಂತೆ, ಬಸವಮ್ಮ. ಕಣ್ಣು ಕಾಣುವುದಿಲ್ಲ. "ನೀವು ಕತೆ ಹೇಳ್ತಿದೀರಿ ಅಂದ್ಕೊಂಡಿದಾರೆ. ಹೂಂ ಅನ್ನದೆ ಇದ್ರೆ ಹೇಳೋರಿಗೆ ಅವಮಾನ ಅಲ್ವಾ?"

"ಇದು ಕತೆಯಲ್ಲ."

"ಅದು ನಂಗೂ ಗೊತ್ತಾಯ್ತು. ಅವ್ರಿಗೆ ಮಾತ್ರ ಹೇಳ್ಬೇಡಿ. ಬೇಜಾರ್ ಮಾಡ್ಕೊತಾರೆ."

ಚಿಕ್ಕವನಿದ್ದಾಗ ನರಸಿಂಹರಾಜಪುರದ ನಮ್ಮ ಮನೆಯಲ್ಲೂ ಹಾಗೇ ಇತ್ತು. ಕೇಳುವವನು ಹೂಂಗುಟ್ಟಬೇಕು. ಹೂಂ ನಿಂತರೆ ನಿದ್ದೆ ಬಂತೆಂದು ಹೇಳುವವರು ಕತೆ ನಿಲ್ಲಿಸುತ್ತಿದ್ದರು. ಮುಂದಿನದು ನಾಳೆ. ಆ ಮನೆಯಲ್ಲಿ ಈಗ ಯಾರೋ ಔಷಧಿ ಅಂಗಡಿಯವರಿದ್ದಾರೆ.

೨೭ ಸೆಪ್ಟೆಂಬರ್

ಹೊತ್ತು ಬದಲಿಸಿ ಬೆಳಗಿನ ಜಾವ ರೆಕಾರ್ಡ್ ಮಾಡಿದೆ. "ಹೂಂ."

ಮಂಚವನ್ನು ಗೋಡೆಗೆ ನಿಲ್ಲಿಸಿ, ಹಾಸಿಗೆ ಒರಗಿಸಿದೆ. "ಹೂಂ," ಸ್ವಲ್ಪ ಜೋರಾಗಿ. ನನಗೆ ಕೇಳಿಸದೇ ಹೋದೀತೆಂದು ಇರಬೇಕು.

೮ ಅಕ್ಟೋಬರ್

ಬಸವಮ್ಮ ಹೇಳಿಕಳಿಸಿದರು. ಹೋದೆ. ಗೋಡೆಗೆ ಬೆನ್ನು ಕೊಟ್ಟು ಕಾಲು ನೀಡಿ ಕೂತಿದ್ದರು. ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ಸಣ್ಣ ಮುಖ.

"ಏ ತಮ್ಮ, ನಿನ್ ಕತೇಲಿ ಇರೋದು ಒಬ್ನೇ ಅಲ್ವೇನೋ?"

"ಯಾರಮ್ಮ?"

"ನೀನೇ. ನಾನ್ ಬಂದೆ, ನಾನ್ ಗೆದ್ದೆ, ನನ್ ಸಮ ಯಾರಿಲ್ಲ. ಸರಿ, ಒಪ್ಕೊಂಡೆ. ಮುಂದೆ ಎಂತ ಆಯ್ತು?"

ಈ ಪ್ರಕಾರದಲ್ಲಿ ಜಂಬ ಕೊಚ್ಚುವುದು ಒಂದು ಸಂಪ್ರದಾಯ, ಅದು ಎದುರಾಳಿಯನ್ನು ಕೆಣಕುವ ಬಗೆ ಎಂದು ವಿವರಿಸಿದೆ.

"ಎದುರಾಳಿ ಎಲ್ಲಿ?"

ಬಾಗಿಲಲ್ಲಿ ನಿಂತಿದ್ದ ಪ್ರೇಮಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಮೈಯೆಲ್ಲ ಹಿಟ್ಟು; ನಗುವಾಗ ಸಣ್ಣಗೆ ಉದುರುತ್ತಿತ್ತು.

"ಪಾಪ, ಇಷ್ಟೊತ್ತು ಬೈಸ್ಕೊಂಡು ಒಂದ್ ಮಾತೂ ಆಡ್ದೆ ಕೂತಿದಾನಲ್ಲ, ಅವ್ನೇ ಒಳ್ಳೆಯವ್ನು" ಎಂದರು ಬಸವಮ್ಮ.

ವಿಮರ್ಶಕರ ಬಗ್ಗೆ ನನಗೆ ಎಂದೂ ಗೌರವ ಇರಲಿಲ್ಲ. ಮೊದಲ ಎರಡು ಹಾಡುಗಳನ್ನು ಅಳಿಸಿದೆ. ಅವುಗಳಲ್ಲಿ ಲಯದ ದೋಷವಿತ್ತು.

೨೦ ಅಕ್ಟೋಬರ್, ಶೃಂಗೇರಿ

ನವರಾತ್ರಿಯ ಜನ. ಲಾಡ್ಜುಗಳ ಮುಂದೆ ಚಪ್ಪಲಿ ರಾಶಿ. ಯಾಕೆ ಬಂದೆನೋ ತಿಳಿಯದೆ ಒಂದು ಹೋಟೆಲಿನಲ್ಲಿ ಕೂತೆ. ಟಿ.ವಿ.ಯಲ್ಲಿ ಯಾವುದೋ ಸಾಲದ ಜಾಹೀರಾತು. ಅದು ಮುಗಿದು ನನ್ನ ದನಿ ಬಂತು. ಅಷ್ಟರಲ್ಲಿ ಸಪ್ಲೈಯರ್ ಚಾನೆಲ್ ಬದಲಿಸಿದ. ಉಳಿದರ್ಧವನ್ನು ಬಾಯೊಳಗೇ ಹೇಳಿ ಮುಗಿಸಿದೆ.

ಎದುರಿಗೆ ಕೂತಿದ್ದ ಯಾತ್ರಿಕರು, ನಾನು ಮಂತ್ರ ಹೇಳುತ್ತಿದ್ದೇನೆಂದು ತಿಳಿದು ಕಾಲು ಹಿಂದಕ್ಕೆಳೆದುಕೊಂಡರು.

೩೦ ಅಕ್ಟೋಬರ್, ಜಯಪುರ

ಐದು ಹಾಡು ಆದವು. ವೇಗ ನನಗೇ ಆಶ್ಚರ್ಯ. ಒಂದರಲ್ಲಿ ಆಗುಂಬೆ ಘಾಟಿಯಲ್ಲಿ ಕೆಟ್ಟು ನಿಂತ ಲಾರಿಯ ಡ್ರೈವರ್ ಚೋಮ ಇದ್ದಾನೆ. ಇನ್ನೊಂದರಲ್ಲಿ ಮದುವೆಮನೆಯಲ್ಲಿ ಬೇರೆಯವರ ಚಪ್ಪಲಿ ಹಾಕಿಕೊಂಡು ಹೋದವನು. ಈ ಸಲ ಯಾಕೋ ಜನ ಬರುತ್ತಿದ್ದಾರೆ.

ತಂತ್ರದಲ್ಲೂ ಒಂದು ಸಣ್ಣ ಬದಲಾವಣೆ ಮಾಡಿಕೊಂಡೆ. ಪ್ರತಿ ಸಾಲಿನ ಕೊನೆಗೆ ಅರ್ಧ ಉಸಿರಿನಷ್ಟು ಜಾಗ ಬಿಡುತ್ತೇನೆ. ಡ್ರಮ್ಮು ಎದ್ದು ಕೇಳಲಿ ಎಂದು.

ಮಧ್ಯಾಹ್ನ ಬಸವಮ್ಮ ಹಲಗೆ ತಟ್ಟಿ ಕೇಳಿದರು. "ಚೋಮ ಊರಿಗೆ ಮುಟ್ಟಿದ್ನಾ?"

"ಇಲ್ಲ. ಹಾಡು ಅಲ್ಲಿಗೇ ಮುಗೀತು."

"ಅದೆಂತ ಮುಗಿಯೋದು? ಅವ್ನು ಅಲ್ಲೇ ಘಾಟೀಲಿ ಕೂತಿರ್ಬೇಕಾ? ಊಟಗೀಟ ಎಂತ ಮಾಡ್ತಾನೆ?"

ಚೋಮನನ್ನು ಊರಿಗೆ ಮುಟ್ಟಿಸಲು ಇನ್ನೊಂದು ಹಾಡು ಬೇಕಾಯಿತು. ಹೇಗೂ ಎಂಟು ತುಂಬಬೇಕಲ್ಲ.

ಟೇಪಿನಲ್ಲಿ ಅವರ ಹೂಂ ಸೇರಿಕೊಂಡಿದೆ. ತೆಗೆಸಬಹುದು.

೭ ನವೆಂಬರ್

ಏಳಾದವು. ಎಂಟನೆಯದನ್ನು ಬಹಳ ಹಿಂದೆ ಬರೆಯಬೇಕಿತ್ತು. ಬಸ್ಸಿನಲ್ಲಿ ಗಂಡನ ಪಕ್ಕ ಕೂತ ಒಬ್ಬ ಹೆಂಗಸು.

ಬಾಳೆಹೊನ್ನೂರು ದಾಟುವಾಗ ಚೀಲ ತೆಗೆದು ಮಡಿಲಿಗಿಟ್ಟಳು
ಊರು ಇನ್ನೂ ದೂರವಿತ್ತು, ಇಲ್ಲೇ ಇಳೀತೀನಿ ಅಂದುಬಿಟ್ಟಳು

ಆಚೆಯಿಂದ ಹೂಂ ಬರುವುದು ಸ್ವಲ್ಪ ತಡವಾಯಿತು. ಬಂತು.

ಅಲ್ಲಿಗೆ ಕರೆಂಟು ಹೋಯಿತು. ಹಾಳೆಯ ಮೇಲೆ ಹಾಡು ಪೂರ್ತಿ ಇದೆ. ಹಬ್ಬ ಕಳೆದ ಮೇಲೆ ರೆಕಾರ್ಡ್ ಮಾಡಿದರೆ ಮುಗಿಯಿತು.

ಹೆಂಡತಿಯಾಗಿದ್ದ ಅಮೂಲ್ಯಾಳ ಹೆಸರು ಎಲ್ಲೂ ಹಾಕಿಲ್ಲ.

೧೨ ನವೆಂಬರ್

ಬಸವಮ್ಮನನ್ನು ಕರೆದುಕೊಂಡು ಹೋದರು. ದೀಪಾವಳಿ ಕಳೆದರೆ ಮುಂದಿನ ದೀಪಾವಳಿಯವರೆಗೆ ಕಿರಿಯ ಮಗನ ಸರದಿಯಂತೆ, ನರಸಿಂಹರಾಜಪುರ. ಆ ಮಗ ಮಲ್ಲೇಶಪ್ಪ ಓಮ್ನಿ ವ್ಯಾನು ತಂದಿದ್ದ. ಅಣ್ಣತಮ್ಮಂದಿರಲ್ಲಿ ಜಗಳವೇನಿಲ್ಲ. ಹಾಸಿಗೆ, ಊರುಗೋಲು, ಎಲೆಯಡಿಕೆ ಚೀಲ ಸಾಗಿಸಿದರು. ನಾನು ಊರುಗೋಲು ಹಿಡಿದುಕೊಂಡಿದ್ದೆ.

"ತಮ್ಮ ಎಲ್ಲಿ?"

"ಇಲ್ಲೇ ಇದೀನಮ್ಮ."

"ಆ ಹೆಂಗ್ಸನ್ನ ರಸ್ತೇಲಿ ಇಳ್ಸಿ ಬಿಟ್ಟಿದೀಯ. ನೆನಪಿರ್ಲಿ."

"ಅವಳೇ ಇಳಿದಿದ್ದು" ಎಂದೆ.

"ಹೂಂ" ಎಂದರು.

ಇನ್ನು ನಿಶ್ಶಬ್ದ. ಕೊನೆಗೂ ಒಂದು ಸ್ವಚ್ಛವಾದ ರೆಕಾರ್ಡಿಂಗ್ ಸಾಧ್ಯ.

೧೬ ನವೆಂಬರ್

ಆಗುತ್ತಿಲ್ಲ. ಎರಡನೆಯ ಸಾಲಿಗೆ ನಿಂತುಹೋಗುತ್ತದೆ. ಡ್ರಮ್ ಮಶೀನಿಗೆ ತೇವ ಹಿಡಿದಿರಬೇಕು; ಲಯ ಎಳೆಯುತ್ತಿದೆ. ಬಿಚ್ಚಿ ಬಿಸಿಲಿಗಿಟ್ಟೆ. ಗಂಟಲಿಗೆ ಕಾಳುಮೆಣಸಿನ ಕಷಾಯ ಕುಡಿದೆ. ಮೈಕನ್ನು ಹಲಗೆ ಗೋಡೆಯಿಂದ ದೂರ ಇಟ್ಟೆ. ಹತ್ತಿರ ಇಟ್ಟೆ.

೨೧ ನವೆಂಬರ್

ಕರೆಂಟಿತ್ತು. ಗಿರಣಿ ಬಂದ್. ಆಗಲಿಲ್ಲ.

೨೪ ನವೆಂಬರ್

ಪ್ರೇಮಕ್ಕನೇ ಕೇಳಿದರು, "ನಾನ್ ಬೇಕಾದ್ರೆ ಹೂಂ ಅನ್ಲಾ?" ಬೇಡ ಎನ್ನುವಷ್ಟರಲ್ಲಿ ಮಣೆ ಎಳೆದುಕೊಂಡು ಕೂತರು. ಮೊದಲ ಸಾಲಿನ ಅರ್ಧಕ್ಕೇ ಹೂಂ ಎಂದು, ತಪ್ಪಾಯಿತೆಂದು ನಾಲಿಗೆ ಕಚ್ಚಿ, ನಗು ತಡೆಯಲಾರದೆ ಎದ್ದು ಹೋದರು. ಒಳಗಿನಿಂದಲೂ ಬಹಳ ಹೊತ್ತು ನಗು ಕೇಳುತ್ತಿತ್ತು. ಅವರ ಮೇಲೆ ಸಿಟ್ಟು ಬರಲಿಲ್ಲ.

೨೯ ನವೆಂಬರ್

ಧರ್ಮೇಶನಿಗೆ ಫೋನ್ ಮಾಡಿ, ಪದ ಹೇಳುವುದು ಬೇಡ, ಸುಮ್ಮನೆ ಬಂದು ಕೂತು ಹೂಂ ಎಂದರೆ ಸಾಕು ಎಂದೆ. ಅರ್ಧ ದಿನದ ಕೆಲಸ ಬಿಟ್ಟು ವ್ಯಾನಿನಲ್ಲಿ ಬಂದ. ಹೀಗೆ ಕರೆದರೆ ಬರುವವರು ನನಗೆ ಬೇರೆ ಯಾರೂ ಇಲ್ಲ.

ಮಂಚದ ಮೇಲೆ ಕೂತು ಶ್ರದ್ಧೆಯಿಂದ ಹೂಂ ಎಂದ. ಗಿರಾಕಿಗೆ ಹೇಳುವ ಹಾಗೆ. ಎರಡನೆಯ ಸಾಲಿಗೆ ನಿಂತಾಗ ಅವನಿಗೆ ಫೋನು ಬಂತು. "ಹೂಂ... ಇನ್ನೂರು ಕುರ್ಚಿ... ಹೂಂ, ಹೂಂ... ಜನರೇಟರ್ ಬೇಕಾ?" ಫೋನಿಟ್ಟು, ಹಾಳೆ ಕೈಗೆ ತೆಗೆದುಕೊಂಡು ಕೊನೆಯವರೆಗೆ ಓದಿದ.

"ಇದು ಅಮೂಲ್ಯಾನ ಬಗ್ಗೆನಾ?"

"ಅಲ್ಲ."

"ಹೂಂ" ಎಂದ.

ಆ ಒಂದು ಮಾತ್ರ ಸರಿಯಾಗಿತ್ತು. ಆಗ ಟೇಪು ಓಡುತ್ತಿರಲಿಲ್ಲ.

ಹೊರಡುವಾಗ ವ್ಯಾನಿನ ಬಾಗಿಲು ಹಿಡಿದು ನಿಂತ. "ಯಾವಾಗ್ ಬೇಕಾದ್ರೂ ಬಾರೋ. ಹಾಡು ಗೀಡು ಇಲ್ದೆ ಇದ್ರೂ ಬಾ."

೧೪ ಡಿಸೆಂಬರ್, ಬೆಂಗಳೂರು

ಗಡುವು ದಾಟಿ ನಾಲ್ಕು ದಿನ. ಸ್ಟುಡಿಯೋದಲ್ಲಿ ಗಾಜಿನ ಹಿಂದೆ ನಿಂತು ಎಂಟನೆಯದಕ್ಕೆ ಪ್ರಯತ್ನಿಸಿದೆ. ಹೆಡ್‌ಫೋನಿನಲ್ಲಿ ನನ್ನ ಉಸಿರು ಮಾತ್ರ. ಆಚೆ ಕೂತ ಸೋಮನಾಥ್ ಹೆಬ್ಬೆರಳೆತ್ತಿ ತೋರಿಸುತ್ತಿದ್ದ. ಎರಡು ಸಾಲು. ಮತ್ತೆ ಎರಡು ಸಾಲು. ಕೊನೆಗೆ ಅವನೇ ಬಾಗಿಲು ತೆಗೆದ.

"ಬಿಡಿ ಸಾರ್. ಎಂಟನೇದಕ್ಕೆ ನಿಮ್ ಹಳೇ ಹಿಟ್‌ನೇ ಹಾಕೋಣ. ಕೋರಸ್‌ಗೆ ಇಬ್ರು ಹುಡುಗೀರು, ಸ್ವಲ್ಪ ಕೊಳಲು. ಎಫ್.ಎಂ.ನವ್ರಿಗೂ ಅದೇ ಬೇಕು."

ಆಗಲಿ ಎಂದೆ.

"ಇನ್ನೊಂದ್ ಗುಡ್ ನ್ಯೂಸ್. ಏಳು ಟ್ರ್ಯಾಕಲ್ಲೂ ಯಾರೋ ಮುದುಕಿ ನರಳೋ ಸೌಂಡ್ ಇತ್ತು ಸಾರ್. ಪೂರಾ ಕ್ಲೀನ್ ಮಾಡ್ಸಿದೀನಿ."

"ನರಳೋದಲ್ಲ" ಎಂದೆ.

"ಏನ್ ಸಾರ್?"

"ಏನಿಲ್ಲ. ಒಳ್ಳೇದಾಯ್ತು."

೧೦ ಫೆಬ್ರವರಿ ೨೦೦೮

ಸಿ.ಡಿ. ಬಂದಿದೆ. ಮುಖಪುಟದ ಮೇಲೆ ಕಪ್ಪು ಕನ್ನಡಕ ಹಾಕಿದ ನಾನು. 'ದಿಗ್ಗಜನ ಮರಳುವಿಕೆ' ಎಂದು ಬರೆಸಿದ್ದಾರೆ.

ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಒಂದು ಸಣ್ಣ ಬರಹ. 'ಪ್ರತಿ ಸಾಲಿನ ಕೊನೆಗೂ ಷಡಕ್ಷರಿ ಬಿಡುವ ಮೌನ ಈ ಧ್ವನಿಮುದ್ರಿಕೆಯ ಅತ್ಯಂತ ದಿಟ್ಟ ಆವಿಷ್ಕಾರ. ಕೇಳುಗನನ್ನು ನಿರಾಕರಿಸುವ ಮೌನ ಅದು.' ಸೋಮನಾಥ್ ಅದನ್ನು ಕತ್ತರಿಸಿ ಫ್ರೇಮ್ ಹಾಕಿಸಿದ್ದಾನೆ.

ಮನೆಯಲ್ಲಿ ಒಮ್ಮೆ ಕೇಳಿದೆ. ಬಾಗಿಲು ತಟ್ಟಿ, ಯಾರೂ ತೆರೆಯದೆ, ಪಕ್ಕದ ಬಾಗಿಲಿಗೆ ಹೋಗಿ ತಟ್ಟುವವನ ಹಾಗಿದೆ.

ಷರತ್ತು ಓದುವ ಕೆಲಸ ಹೆಚ್ಚಿದೆ. ನಾಳೆ ಮೂರು ಜಾಹೀರಾತು.

೨೪ ಫೆಬ್ರವರಿ, ನರಸಿಂಹರಾಜಪುರ

ಮೈಕು ಹಿಂದಿರುಗಿಸಲು ಕೊಪ್ಪಕ್ಕೆ ಬಂದವನು ಇಲ್ಲಿಯವರೆಗೂ ಬಂದೆ. ಧರ್ಮೇಶ ಒಂದು ಸಣ್ಣ ಸಿ.ಡಿ. ಪ್ಲೇಯರ್ ಕೊಟ್ಟ. ಬಸವಮ್ಮನಿಗೆ ಕೇಳಿಸುವುದು ನ್ಯಾಯ ಅನ್ನಿಸಿತ್ತು, ಅಷ್ಟೆ.

ಮಲ್ಲೇಶಪ್ಪ ಮಂಡಿಗೆ ಹೋಗಿದ್ದ. ಸೊಸೆ ಒಳಗೆ ಕರೆದಳು. ಬಸವಮ್ಮ ನಡುಮನೆಯಲ್ಲಿ ಹಾಸಿಗೆಯ ಮೇಲೆ ಒರಗಿದ್ದರು. ಇನ್ನೂ ಸಣ್ಣಗಾಗಿದ್ದಾರೆ.

"ಯಾರು?"

"ಜಯಪುರದಲ್ಲಿ ಮಿಲ್ಲಿನ ಹಿಂದೆ ಇದ್ದವನು."

"ಕತೆಯವ್ನಾ! ಬಾ, ಕೂತ್ಕೋ. ಕಾಫಿ ಕೊಡೇ ಇವ್ನಿಗೆ."

ಪ್ಲೇಯರ್ ಹಚ್ಚಿ ಲಾರಿ ಡ್ರೈವರನ ಹಾಡು ಹಾಕಿದೆ. ಅವರು ತಲೆ ವಾರೆ ಮಾಡಿ ಕೇಳಿದರು. ಮೊದಲ ಸಾಲು ಮುಗಿಯಿತು. ಏನೂ ಇಲ್ಲ. ಎರಡನೆಯದು. ಏನೂ ಇಲ್ಲ. ಹಾಡು ಪೂರ್ತಿ ಮುಗಿಯಿತು.

"ಯಾಕಮ್ಮ, ಹೂಂ ಅನ್ನಲಿಲ್ಲ?"

"ಪೆಟ್ಟಿಗೆಗೆ ಯಾರಾದ್ರೂ ಹೂಂ ಅಂತಾರೇನೋ ಮಾರಾಯ? ನಾ ಅಂದ್ರೂ ಅದು ಹೇಳ್ತದೆ, ಅನ್ದೆ ಇದ್ರೂ ಹೇಳ್ತದೆ. ಅದಕ್ಕೆ ನನ್ನಿಂದ ಎಂತ ಆಗ್ಬೇಕು? ತೆಗ್ದಿಡು ಅದ್ನ. ಆ ಹೆಂಗ್ಸು ಬಸ್ಸಿಳ್ದು ಎಲ್ಲಿಗ್ ಹೋದ್ಲು, ಅದು ಹೇಳು."

ಅದು ಸಿ.ಡಿ.ಯಲ್ಲಿ ಇಲ್ಲ ಎಂದೆ.

"ಬಾಯಲ್ಲಿ ಇದೆಯಲ್ಲ."

ಡ್ರಮ್ ಇರಲಿಲ್ಲ. ತೊಡೆಯ ಮೇಲೆ ಬೆರಳು ತಟ್ಟಿಕೊಂಡು ಶುರು ಮಾಡಿದೆ. ಬಾಳೆಹೊನ್ನೂರು ದಾಟಿತು. ಹೂಂ. ಇಲ್ಲೇ ಇಳೀತೀನಿ ಅಂದಳು. ಹೂಂ. ಕಂಡಕ್ಟರ್ ಸೀಟಿ ಊದಿದ. ಹೂಂ. ಅವಳು ರಸ್ತೆಯ ಆ ಬದಿಗೆ ದಾಟಿ, ಎದುರಿನಿಂದ ಬರುವ ಬಸ್ಸಿಗೆ ಕೈ ಅಡ್ಡ ಹಿಡಿದಳು. ಹೂಂ. ಅಷ್ಟು ಹೊತ್ತಿಗೆ ಅವರ ಹೂಂ ಉದ್ದವಾಗುತ್ತಾ ಹೋಗಿ, ಉಸಿರಿನೊಳಗೆ ಸೇರಿಹೋಯಿತು. ಬಾಯಿ ಸ್ವಲ್ಪ ತೆರೆದಿತ್ತು. ಎದೆ ಏರಿ ಇಳಿಯುತ್ತಿತ್ತು.

ಈ ಬಸ್ಸು ಮುಂದೆ ಹೋಯಿತು. ಖಾಲಿಯಾದ ಸೀಟಿನಲ್ಲಿ ಇನ್ನೂ ಅವಳ ಮೈಯ ಬಿಸಿ ಇತ್ತು.

ಸೊಸೆ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅತ್ತೆ ಆಗ್ಲೇ ಮಲಗಿದಾರಲ್ಲ. ಯಾರಿಗೆ ಹೇಳ್ತಿದೀರಿ?"

"ಇನ್ನು ನಾಲ್ಕು ಸಾಲಿದೆ" ಎಂದೆ.

ಅವಳು ಲೋಟ ಪಕ್ಕದಲ್ಲಿಟ್ಟು ಒಳಗೆ ಹೋದಳು. ನಾಲ್ಕನ್ನೂ ಹೇಳಿದೆ. ಕಾಫಿ ಆರಿತ್ತು. ಕುಡಿದು ಎದ್ದೆ.